ಬೇಲಿಯಾಚೆ ನಿಂತು ದ್ರಾಕ್ಷಿ ಬೆಳೆದವಳು

ವೈನ್ ಕಂಪನಿಯಲ್ಲಿ ಅರ್ಧ ಆಯುಸ್ಸು ಕಳೆದೆ ಎಂದರೆ ಜನ ಒಂದು ಥರ ನಗುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಮೆಲ್ಲಗೆ ಬಗ್ಗಿ, "ನಿಮಗೆಲ್ಲ ಪುಕ್ಕಟೆ ಕೊಡ್ತಾರಾ?" ಎಂದು ಕೇಳುತ್ತಾರೆ. ಸತ್ಯ ಹೇಳಿದರೆ ಯಾರೂ ನಂಬುವುದಿಲ್ಲ. ನಾನು ವೈನ್ ಕುಡಿದದ್ದು ಒಂದೇ ಸಲ, ಅದೂ ಮೇಲಿನವರ ಬಲವಂತಕ್ಕೆ. ನಮ್ಮ ಮನೆಯ ಹುಳಿ ಮಜ್ಜಿಗೆಯೇ ವಾಸಿ ಅನ್ನಿಸಿತು. ಬಾಟಲಿ ತುಂಬುವ ಕಟ್ಟಡದ ಕಡೆಗೆ ನಾನು ಹೋಗುತ್ತಿದ್ದದ್ದೇ ಅಪರೂಪ. ಬಂಗಾರಪೇಟೆ, ಬೂದಿಕೋಟೆ, ಕೆಜಿಎಫ್ ಸುತ್ತಿನ ಹಳ್ಳಿಗಳಲ್ಲಿ ಕಂಪನಿಗೆ ದ್ರಾಕ್ಷಿ ಬೆಳೆದುಕೊಡುತ್ತಿದ್ದ ರೈತರ ತೋಟಗಳನ್ನು ಸುತ್ತುವುದು ನನ್ನ ಕೆಲಸ. ಬಳ್ಳಿಗೆ ಯಾವಾಗ ಕತ್ತರಿ ಹಾಕಬೇಕು, ಯಾವಾಗ ಔಷಧಿ ಹೊಡೆಯಬೇಕು, ಯಾವತ್ತು ಹಣ್ಣು ಕೊಯ್ಯಬೇಕು ಎಂದು ಹೇಳುವವನು ನಾನು. ಹೇಳಿದ್ದು ತಪ್ಪಾದರೆ ಬೈಸಿಕೊಳ್ಳುವವನೂ ನಾನೇ.

ನಿವೃತ್ತನಾದ ಮೇಲೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಎಲ್ಲರೂ ತೋಟಗಾರಿಕೆ ಓದಿದವರು. ಮಣ್ಣು, ರೋಗ, ಔಷಧಿಯ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು. ಆದರೂ ತೋಟದಿಂದ ಹೊರಗೆ ಬಂದಾಗ ಮುಖ ಸಪ್ಪೆ ಮಾಡಿಕೊಂಡಿರುತ್ತಾರೆ. "ಎಷ್ಟು ಹೇಳಿದರೂ ರೈತರು ಕೇಳೋದಿಲ್ಲ ಸಾರ್" ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಇದರಲ್ಲಿಲ್ಲ, ಬಂದದ್ದೂ ಅಷ್ಟಕ್ಕಷ್ಟೇ.

ಮೊದಲು ನಮ್ಮ ಸೀಮೆಯನ್ನು ನೋಡಿ. ಇಲ್ಲಿ ಹೊಳೆಯಿಲ್ಲ. ಕೆರೆಗಳಿವೆ, ತುಂಬಿದ ವರ್ಷ ಊರಿಗೇ ಸಂಭ್ರಮ. ಎಲ್ಲಿ ನೋಡಿದರೂ ಬಂಡೆ, ಬಂಡೆಯ ಬುಡದಲ್ಲಿ ಕೆಂಪು ಮಣ್ಣು. ನೀರು ಪಾತಾಳದಲ್ಲಿರುತ್ತದೆ, ಕೊಳವೆಬಾವಿ ಕೊರೆಸುವವನು ದೇವರಿಗೆ ಕೈ ಮುಗಿದೇ ಶುರು ಮಾಡುತ್ತಾನೆ. ಬೆಳಕು ಹರಿಯುವ ಮೊದಲು ಡೇರಿಗೆ ಹಾಲು ಹೋಗುತ್ತದೆ, ಅದರ ಹಿಂದೆಯೇ ಮನೆಗೊಬ್ಬರಂತೆ ಬಂಗಾರಪೇಟೆಗೆ ಬಸ್ಸು ಹಿಡಿದು ಬೆಂಗಳೂರಿನ ರೈಲು ಹತ್ತುತ್ತಾರೆ. ಉಳಿದವರು ಟೊಮೆಟೊ, ಹಿಪ್ಪುನೇರಳೆ, ಮಾವು ನೋಡಿಕೊಳ್ಳುತ್ತಾರೆ. ಕೆಜಿಎಫ್ ಕಡೆಯ ಕೆಲವು ತೋಟಗಳಲ್ಲಿ ನಿಂತರೆ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಬೂದುಬಣ್ಣದ ಮಣ್ಣಿನ ಸೈನೈಡ್ ದಿಬ್ಬಗಳು ಕಾಣುತ್ತವೆ. ಇಂಥ ನೆಲಕ್ಕೆ ವೈನ್ ದ್ರಾಕ್ಷಿ ಹೇಳಿಮಾಡಿಸಿದ ಬೆಳೆ. ಅದಕ್ಕೆ ಕಲ್ಲು ಮಣ್ಣಿದ್ದರೆ ಸಾಕು, ನೀರೂ ಹಿಡಿತದಲ್ಲಿರಬೇಕು. ಹಗಲು ಸುಡುವ ಬಿಸಿಲು, ರಾತ್ರಿ ಮೈ ನಡುಗುವ ಚಳಿ ಇದ್ದರೆ ಹಣ್ಣಿಗೆ ಬಣ್ಣ ಕಟ್ಟುತ್ತದೆ. ನಿಮ್ಮ ಬರಡು ನೆಲವೇ ನಮಗೆ ಬೇಕು ಎಂದು ನಾನು ಮೊದಲು ಹೇಳಿದಾಗ, ಈತ ಯಾವುದೋ ಮೋಸದ ಕಂಪನಿಯವನೇ ಇರಬೇಕು ಎಂದು ಜನ ಕುರ್ಚಿ ಕೂಡ ಹಾಕಲಿಲ್ಲ.

ಇನ್ನೊಂದು ವಿಷಯ. ಚಳಿ ದೇಶಗಳಲ್ಲಿ ಹಿಮ ಬಿದ್ದಾಗ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದಂತೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಅದಕ್ಕೇ ವರ್ಷಕ್ಕೆರಡು ಸಲ ಕತ್ತರಿ. ಬೇಸಿಗೆಯಲ್ಲಿ ಕತ್ತರಿಸುವುದು ಹೊಸ ಕೊಂಬೆಗಾಗಿ, ಮಳೆಗಾಲ ಮುಗಿಯುವಾಗ ಕತ್ತರಿಸುವುದು ಹಣ್ಣಿಗಾಗಿ. ಕತ್ತರಿ ತಪ್ಪಿದರೆ ವರ್ಷವೇ ತಪ್ಪಿದ ಹಾಗೆ.

ನನ್ನ ಮೇಲಿನವರು ಪಾಟೀಲರು, ವಿಜಯಪುರದ ಕಡೆಯವರು. ವೈನ್ ತಯಾರಿಕೆಯ ಪೂರ್ತಿ ಹೊಣೆ ಅವರದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಅವರನ್ನು ಒಂದು ತೋಟಕ್ಕೆ ಕರೆದುಕೊಂಡು ಹೋಗಿ, ದಪ್ಪ ದಪ್ಪ ಗೊನೆಗಳನ್ನು ಹೆಮ್ಮೆಯಿಂದ ತೋರಿಸಿದೆ. ತಿನ್ನುವ ದ್ರಾಕ್ಷಿ ಬೆಳೆಯುವ ಊರಲ್ಲಿ ಹುಟ್ಟಿದವನು ನಾನು, ನನಗೆ ದಪ್ಪವೆಂದರೆ ಒಳ್ಳೆಯದು. ಅವರು ಗೊನೆಯನ್ನು ಅಂಗೈಯಲ್ಲಿ ತೂಗಿ ನೋಡಿ, "ಇದೇನ್ರೀ, ದ್ರಾಕ್ಷಿ ಐತೋ ಟೊಮ್ಯಾಟೊ ಐತೋ?" ಎಂದರು. ತೋಟದ ಯಜಮಾನನ ಎದುರೇ ಅಂದದ್ದರಿಂದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಮೇಲೆ ಬಂಡೆಯ ನೆರಳಲ್ಲಿ ಕೂರಿಸಿಕೊಂಡು ತಿಳಿಹೇಳಿದರು. ವೈನಿಗೆ ಬೇಕಾದ ರುಚಿ ಇರುವುದು ಸಿಪ್ಪೆಯಲ್ಲಿ. ಕಾಯಿ ಸಣ್ಣಗಿರಬೇಕು, ಬಳ್ಳಿಯಲ್ಲಿ ಗೊನೆ ಕಡಿಮೆ ಇರಬೇಕು. ಹೆಚ್ಚಾದದ್ದನ್ನು ಹಸಿರಿರುವಾಗಲೇ ಕತ್ತರಿಸಿ ನೆಲಕ್ಕೆ ಬೀಳಿಸಬೇಕು.

ಪಾಟೀಲರು ಹೇಳಿ ಕಾರು ಹತ್ತಿದರು. ಆ ಮಾತನ್ನು ರೈತರಿಗೆ ದಾಟಿಸುವ ಪಾಡು ನನ್ನದು. ಕಾಯಿ ಕಚ್ಚಿದ ಗೊನೆಯನ್ನು ಕತ್ತರಿಸಿ ಎಸೆಯಿರಿ ಎಂದರೆ ಯಾವ ಬೇಸಾಯಗಾರ ತಾನೇ ಸುಮ್ಮನಿರುತ್ತಾನೆ? ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಸೀರೆಯ ಮಡಿಲಿಗೆ ಆ ಹಸಿ ಕಾಯನ್ನೆಲ್ಲ ಆಯ್ದುಕೊಂಡು ನನಗೆ ಶಾಪ ಹಾಕುತ್ತಾ ಹೋದರು. ಮುಂದಿನ ವಾರ ಅದೇ ಕಾಯಿಯ ಗೊಜ್ಜು ಮಾಡಿ, ಮುದ್ದೆಯ ಜೊತೆ ನನಗೇ ಬಡಿಸಿದರು. ಇನ್ನೊಬ್ಬರು ನನ್ನ ಮಾತಿಗೆ ತಲೆಯಾಡಿಸಿ, ಕೊಯ್ಲಿಗೆ ಮುಂಚೆ ಬಳ್ಳಿಗೆ ಹೊಟ್ಟೆ ತುಂಬಾ ನೀರು ಬಿಟ್ಟರು. ಹಣ್ಣು ಉಬ್ಬಿ ಹೊಳೆಯುತ್ತಿತ್ತು, ಸಿಹಿ ಮಾತ್ರ ನೀರಿಗೆ ನೀರಾಗಿತ್ತು. "ಅತಿಥಿಗೆ ಅನ್ನ ಆಕೋವಾಗ ತಟ್ಟೆ ತುಂಬಾ ಆಕಲ್ವಾ ಸಾರ್, ಅಂಗೇ ನೀರ್ ಬುಟ್ಟೆ" ಎಂದರು ಆ ಮನುಷ್ಯ.

ಕೆಲಸದ ರೀತಿಯೂ ಬದಲಾಯಿತು. ಆಗ ನಾಲಿಗೆಯೇ ಎಲ್ಲ. ಹಣ್ಣು ಜಗಿದು, ಬೀಜ ಅಂಗೈಗೆ ಉಗಿದು, ಅದು ಕಂದು ಬಣ್ಣಕ್ಕೆ ತಿರುಗಿದೆಯೇ ನೋಡುವುದು. ಆಮೇಲೆ ಸಿಹಿ ಅಳೆಯುವ ಪುಟ್ಟ ಕೊಳವೆ ಬಂತು. ಒಂದು ಹನಿ ರಸ ಹಾಕಿ ಬಿಸಿಲಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಬೇಕು. ಊರಿನವರಿಗೆಲ್ಲ ಅದರಲ್ಲಿ ಇಣುಕುವ ಆಸೆ. ಈಗಂತೂ ಮಳೆ ಯಾವತ್ತು ಬರುತ್ತದೆ ಎಂದು ಮೊಬೈಲೇ ಹೇಳುತ್ತದೆ. ಒಳ್ಳೆಯದೇ. ಆದರೆ ತೋಟದ ಒಳಗೆ ಯಾರು ಕಾಲಿಡಬಹುದು, ಯಾರು ಇಡಬಾರದು ಎಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ. ಅದನ್ನು ನಾನು ಕಲಿತದ್ದು ಬೂದಿಕೋಟೆ ಹತ್ತಿರದ ಪಿಳ್ಳಪ್ಪನವರ ತೋಟದಲ್ಲಿ.

ಪಿಳ್ಳಪ್ಪನವರದು ತಲೆತಲಾಂತರದಿಂದ ವೀಳ್ಯದೆಲೆ ತೋಟ ಮಾಡಿದ ಮನೆತನ. ಎಲೆತೋಟವೆಂದರೆ ನಮ್ಮ ಕಡೆ ಗುಡಿಯ ಹಾಗೆ. ಚಪ್ಪಲಿ ಮೆಟ್ಟಿ ಒಳಗೆ ಹೋಗುವಂತಿಲ್ಲ. ಸೂತಕದವರು ಹೋಗುವಂತಿಲ್ಲ. ಮುಟ್ಟಾಗಿ ಹೊರಗಾದ ಹೆಂಗಸರ ನೆರಳು ಬಿದ್ದರೂ ಬಳ್ಳಿ ಸುಟ್ಟುಹೋಗುತ್ತದೆ ಎಂದು ನಂಬಿಕೆ. ನೀರು ಸಾಲದೆ ಎಲೆಬಳ್ಳಿ ಒಣಗತೊಡಗಿದಾಗ ಅದರ ಜಾಗದಲ್ಲಿ ವೈನ್ ದ್ರಾಕ್ಷಿ ಇಡಿಸಿದವಳು ಅವರ ಸೊಸೆ ನಾಗವೇಣಿ. ಅಲ್ಲಿಯವರೆಗೆ ಅವಳು ಕತ್ತಲಲ್ಲೇ ಎದ್ದು ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಗಂಡ ಈಗಲೂ ಅದೇ ರೈಲಿನಲ್ಲಿ ಒಂದು ಕಾರ್ಖಾನೆಗೆ ಹೋಗುತ್ತಾನೆ. ಅವಳು ಕೆಲಸ ಬಿಟ್ಟು ತೋಟಕ್ಕೆ ನಿಂತಳು. ನಾನು ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು, ತಿಳಿಯದಿದ್ದರೆ ತಿಳಿಯುವವರೆಗೆ ನನ್ನನ್ನು ಬಿಡುತ್ತಿರಲಿಲ್ಲ.

ಆದರೆ ಬಳ್ಳಿ ಬದಲಾದರೂ ಪಿಳ್ಳಪ್ಪನವರ ಕಟ್ಟಳೆ ಬದಲಾಗಲಿಲ್ಲ. ಎಲೆತೋಟದ್ದನ್ನೆಲ್ಲ ಹಾಗೆಯೇ ದ್ರಾಕ್ಷಿಗೆ ತಂದರು. ಪಾಟೀಲರು ಮೊದಲ ಸಲ ಬಂದಾಗ ಗೇಟಿನಲ್ಲೇ ತಡೆದು, "ಸಾಮಿ, ಆ ಬೂಟು ಆಚೆ ಬುಡಿ" ಎಂದರು. ಪಾಟೀಲರು ನನ್ನ ಮುಖ ನೋಡಿದರು, ನಾನು ಆಕಾಶ ನೋಡಿದೆ. ಕಡೆಗೆ ಆ ಭಾರೀ ದೇಹದ ಮನುಷ್ಯ ಕಾಲುಚೀಲವನ್ನೂ ಕಳಚಿ, ನೆಗ್ಗಿಲ ಮುಳ್ಳು ಚುಚ್ಚಿದಾಗೆಲ್ಲ "ಯಪ್ಪಾ" ಎನ್ನುತ್ತಾ ಸಾಲು ಸಾಲು ತಿರುಗಿದರು. ಹೊರಗೆ ಬಂದ ಮೇಲೆ, "ತ್ವಾಟ ಛಲೋ ಐತ್ರಿ. ಮುದುಕ ಭಾಳ ಖಡಕ್" ಎಂದರು.

ನನಗೆ ಒಂದು ವಿಷಯ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಕೆಲವು ದಿನ ನಾಗವೇಣಿ ನಮ್ಮ ಜೊತೆ ಸಾಲಿನಲ್ಲಿ ಓಡಾಡುತ್ತಿದ್ದಳು. ಕೆಲವು ದಿನ ಬೇಲಿಯ ಆಚೆ, ಹೊಂಗೆ ಮರದ ಕೆಳಗೆ ನಿಂತು, "ಮಾವ, ಆ ಕಡೇ ಕಂಬದತ್ರ ನೋಡಿ, ಎಲೆ ಹಿಂದ್ಗಡೆ ಬೂದಿ ಬಂದೈತೆ" ಎಂದು ಕೂಗುತ್ತಿದ್ದಳು. ಬಿಸಿಲಿಗೆ ಒಳಗೆ ಬರುತ್ತಿಲ್ಲವೇನೋ ಅಂದುಕೊಂಡಿದ್ದೆ. ಹಣ್ಣಿನ ಕತ್ತರಿಯಾದ ತಕ್ಷಣ ಕಡ್ಡಿಯಲ್ಲಿ ಚಿಗುರೊಡೆಯುವ ಪ್ರತಿ ಕಣ್ಣಿಗೂ ಬಟ್ಟೆಯಲ್ಲಿ ಔಷಧಿ ಸವರಬೇಕು. ಅಂಥ ಮುಖ್ಯವಾದ ಕೆಲಸದ ದಿನವೂ ಅವಳು ಬೇಲಿಯಾಚೆ ನಿಂತು ಗಂಟಲು ಹರಿದುಕೊಳ್ಳುವುದನ್ನು ಕಂಡಾಗ ಹೊಳೆಯಿತು. ಅವಳು ತಾನು ಇಟ್ಟ ಬಳ್ಳಿಯನ್ನೇ ಹೊರಗೆ ನಿಂತು ಬೆಳೆಯುತ್ತಿದ್ದಳು. ನನಗೆ ಕೆಟ್ಟದೆನಿಸಿತು. ಆದರೆ ನಾನು ಕಂಪನಿಯವನು. ಅವರ ಮನೆಯ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ನನಗಿರಲಿಲ್ಲ.

ಒಂದು ವರ್ಷ ಬೂದಿರೋಗ ಬಂದು ಅವರ ಹಣ್ಣಿನ ಬಹುಪಾಲು ಕಂಪನಿಯಿಂದ ವಾಪಸಾಯಿತು. ಮರುವರ್ಷ ಕೊಯ್ಲು ಹತ್ತಿರವಾಗುವಾಗ ನಾಗವೇಣಿ ನನ್ನನ್ನು ಹೊಂಗೆ ಮರದ ಹತ್ತಿರ ನಿಲ್ಲಿಸಿಕೊಂಡಳು. "ಈ ಸಲಾನೂ ಹಿಂಗೇ ಆದ್ರೆ ಬಳ್ಳಿ ಕಿತ್ತಾಕಿ ನೀಲಗಿರಿ ಇಕ್ತಾರಂತೆ ಸಾರ್. ಮನೇಲಿ ಮಾತಾಗ್ಬುಟ್ಟೈತೆ. ನಾನು ವಾಪಸ್ ಗಾರ್ಮೆಂಟ್ಸ್‌ಗೆ ಓಗ್ಬೇಕು." ಆ ಮಾತು ಹೇಳುವಾಗ ಅವಳ ಕಣ್ಣು ಬಳ್ಳಿಯ ಮೇಲೇ ಇತ್ತು. "ರೈಲ್ನಾಗೆ ನಿಂತ್ಕಂಡ್ ಓಗಿ ಬಂದು ಸಾಕಾಗೈತೆ ಸಾರ್. ಇಲ್ಲಿ ನಾನು ಏನೋ ಒಂದು ಮಾಡ್ತಾ ಇವ್ನಿ ಅನ್ನಿಸ್ತೈತೆ."

ಆ ವರ್ಷದ ಹಣ್ಣು ಚಿನ್ನದಂತೆ ಬಂದಿತ್ತು. ಸಣ್ಣ ಕಾಯಿ, ಕಪ್ಪು ಬಣ್ಣ, ಬಾಯಲ್ಲಿಟ್ಟರೆ ಸಿಪ್ಪೆ ಒಗರು. ಸಿಹಿ ಸರಿಯಾದ ಹದಕ್ಕೆ ಏರಿದಾಗಲೇ ಆಂಧ್ರದ ಕಡೆಯಿಂದ ಮೋಡ ಕಟ್ಟಿತು. ಮಾಗಿದ ಹಣ್ಣು, ಒಂದು ಜೋರು ಮಳೆ ಬಿದ್ದರೆ ಒಡೆದು ಕೊಳೆಯುತ್ತದೆ. ಮಾರನೆಯ ದಿನವೇ ಕೊಯ್ಯಬೇಕು ಎಂದು ನಿಗದಿ ಮಾಡಿದೆ. ಅಷ್ಟರಲ್ಲಿ ಪಿಳ್ಳಪ್ಪನವರ ದಾಯಾದಿಯೊಬ್ಬರು ತೀರಿಕೊಂಡ ಸುದ್ದಿ ಬಂತು.

ಪ್ರತಿ ವರ್ಷ ಅವರ ತೋಟ ಕೊಯ್ಯುತ್ತಿದ್ದವರು ಅದೇ ಕುಲದ ಹೆಂಗಸರು. ಕಟ್ಟಳೆ ಬಲ್ಲವರು, ಬರಬಾರದ ದಿನ ತಾವಾಗಿಯೇ ಬರುತ್ತಿರಲಿಲ್ಲ. ಈಗ ಎಲ್ಲರಿಗೂ ಸೂತಕ. ನಾಗವೇಣಿಗೂ ಸೂತಕ. ಪಿಳ್ಳಪ್ಪನವರಿಗೂ ಸೂತಕ. ಕೈಗೆ ಬಂದ ಹಣ್ಣು ಒಳಗೆ, ಯಜಮಾನರು ಗೇಟಿನ ಹೊರಗೆ. ತಾವು ಹಾಕಿದ ಕಟ್ಟಳೆಗೆ ತಾವೇ ಸಿಕ್ಕಿಬಿದ್ದ ಅವರ ಮುಖ ನೋಡಲಾಗುತ್ತಿರಲಿಲ್ಲ. ತಿಥಿ ಆಗುವವರೆಗೆ ಕಾಯೋಣವೆಂದರೆ ಮೋಡ ಕಾಯಬೇಕಲ್ಲ. "ಆಚೆ ಜನಾನ ಕರ್ಸು ಸಾಮಿ" ಎಂದು ಒಪ್ಪಿದರು. ನಾನು ಕೆಜಿಎಫ್‌ನ ಊರಿಗಾಂ ಗಣಿ ಲೈನಿನ ಸೆಲ್ವಿಗೆ ಫೋನ್ ಮಾಡಿದೆ.

ಸೆಲ್ವಿ ತನ್ನ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಟೆಂಪೊದಲ್ಲಿ ತೋಟ ತೋಟಕ್ಕೆ ಕೊಯ್ಲಿಗೆ ಹೋಗುತ್ತಿದ್ದ ಮೇಸ್ತ್ರಿ. ಅವಳ ಮಾವ, ಗಂಡ ಎಲ್ಲರೂ ಅಲ್ಲಿನ ಚಿನ್ನದ ಗಣಿಗಳಲ್ಲಿ ದುಡಿದವರು. ತಮಿಳು, ತೆಲುಗು, ಕನ್ನಡ ಮೂರನ್ನೂ ಬೆರೆಸಿ ಆಡುತ್ತಾಳೆ, ಮೂರರಲ್ಲೂ ಮಾತು ಮೊನಚು. ಬೆಳಿಗ್ಗೆ ಟೆಂಪೊ ಬಂದು ನಿಂತಿತು. ಚಪ್ಪಲಿ ಬಿಡಿ ಎಂದಾಗ ಹೆಂಗಸರು ಬಿಟ್ಟರು. ಕತ್ತರಿ, ಕ್ರೇಟು ತೆಗೆದುಕೊಂಡು ಗೇಟಿಗೆ ಬಂದರು. ಆಗ ಪಿಳ್ಳಪ್ಪನವರು ಕೋಲು ಅಡ್ಡ ಹಿಡಿದರು.

"ಅಮ್ಮಾ, ತಪ್ಪು ತಿಳ್ಕಾಬ್ಯಾಡ. ನಿಮ್ಮಾಗೆ ಯಾರಾನಾ ಒರಗಾಗಿರೋರು ಇದ್ರೆ, ಆ ಮರದ್ ತಾವ ಕುಂತ್ಕಳಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಕತ್ತರಿಯನ್ನು ಕ್ರೇಟಿಗೆ ಎಸೆದು ಟೆಂಪೊ ಕಡೆಗೆ ತಿರುಗಿದರು. ಸೆಲ್ವಿ ಮಾತ್ರ ಅಲ್ಲೇ ನಿಂತಿದ್ದಳು.

"ಏನ್ ತಾತಾ, ನಾವು ಕೂಲಿಗೆ ಬಂದವ್ರು. ಹೆಣ್ಮಕ್ಳನ್ನ ನಿಲ್ಸಿ ಇದು ಕೇಳ್ತಾರಾ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮ ಮಾವ ಇಲ್ಲೇ ಕೆಜಿಎಫ್ ಮೈಸೂರು ಮೈನ್ಸಲ್ಲಿದ್ರು. ಹೆಂಗಸ್ರು ಸುರಂಗಕ್ಕೆ ಇಳಿದ್ರೆ ಚಿನ್ನ ಓಡೋಗುತ್ತೆ ಅಂತಿದ್ರು. ಸರಿ, ನಮ್ಮ ಅತ್ತೆ ಇಳೀಲಿಲ್ಲ, ನಾನೂ ಇಳೀಲಿಲ್ಲ. ಗಂಡಸ್ರಿಗೆ ಊಟ ಕಟ್ಕೊಟ್ಟು ಮನೇಲೇ ಇದ್ವಿ. ಆದ್ರೂ ಗಣಿ ಮುಚ್ಚೋಯ್ತಲ್ಲ ತಾತಾ. ಅದಕ್ಕೆ ಯಾರ್ ಕಾರಣ, ನೀನೇ ಹೇಳು" ಎಂದಳು.

"ನೀನ್ ಕೇಳಿದ್ದಕ್ಕೆ ನಾವು ಜವಾಬು ಕೊಡಲ್ಲ. ಬೇಕು ಅಂದ್ರೆ ಕೊಯ್ತೀವಿ, ಬೇಡ ಅಂದ್ರೆ ಟೆಂಪೊ ತಿರುಗ್ಸ್ತೀವಿ" ಎಂದು ಸೆಲ್ವಿ ಸೆರಗು ಸಿಕ್ಕಿಸಿಕೊಂಡಳು. ಪಿಳ್ಳಪ್ಪನವರು ಮೋಡದ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. ಕೋಲು ಕೆಳಗಿಳಿಯಿತು. "ಸರೇ, ಓಗ್ರಮ್ಮಾ" ಎಂದು ಮುಖ ಆಚೆ ತಿರುಗಿಸಿದರು.

ಕೊಯ್ಲು ಶುರುವಾಯಿತು, ಕಷ್ಟವೂ ಶುರುವಾಯಿತು. ಆ ಹೆಂಗಸರಿಗೆ ತಿನ್ನುವ ದ್ರಾಕ್ಷಿ ಕೊಯ್ದು ಅಭ್ಯಾಸ. ಬಿಸಿಲಿಗೆ ಸುಟ್ಟ ಗೊನೆ, ಪಡುವಣ ಅಂಚಿನ ಸಾಲುಗಳಲ್ಲಿ ಬೂದಿ ಹತ್ತಿದ ಗೊನೆ ಎಲ್ಲ ಕ್ರೇಟಿಗೆ ಬೀಳತೊಡಗಿತು. ಒಂದಷ್ಟು ಕೆಟ್ಟದ್ದು ಸೇರಿದರೂ ಪಾಟೀಲರು ಲೋಡನ್ನೇ ವಾಪಸು ಕಳಿಸುವವರು. ನಾನು ಒಂದು ಸಾಲಿನಲ್ಲಿದ್ದರೆ ಇನ್ನೊಂದರಲ್ಲಿ ತಪ್ಪಾಗುತ್ತಿತ್ತು. ಯಾವ ಸಾಲಲ್ಲಿ ಏನಿದೆ ಎಂದು ಗೊತ್ತಿದ್ದವಳು ಒಬ್ಬಳೇ. ನಾಗವೇಣಿ ಬೇಲಿಯ ತಂತಿ ಹಿಡಿದುಕೊಂಡು ಕೂಗುತ್ತಿದ್ದಳು. ಗಾಳಿ ಎದ್ದಿತ್ತು, ಅವಳ ಮಾತು ಅರ್ಧ ದಾರಿಯಲ್ಲೇ ಹಾರಿಹೋಗುತ್ತಿತ್ತು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತು.

ಅವಳು ತಂತಿ ಬಿಟ್ಟು ಮಾವನ ಎದುರಿಗೆ ಬಂದು ನಿಂತಳು. ನಾನು ಗೇಟಿನ ಹತ್ತಿರವೇ ಕ್ರೇಟು ಸುರಿದು ಕೆಟ್ಟ ಗೊನೆ ಆರಿಸುತ್ತಿದ್ದೆ, ಕೇಳಬಾರದೆಂದರೂ ಕೇಳಿಸಿತು.

"ಮಾವ, ನಾನು ಒಳೀಕ್ ಓಗ್ತೀನಿ."

"ಸೂತಕ ಕಣಮ್ಮ."

"ಸೂತಕಾನೂ ಐತೆ, ಒರಗೂ ಆಗಿವ್ನಿ. ಮುಚ್ಚಿಟ್ಟು ಓಗ್ಬೋದಿತ್ತು, ಮುಚ್ಚಿಡಲ್ಲ. ಬಳ್ಳಿ ಸುಟ್ರೆ ನಾನಿಟ್ಟ ಬಳ್ಳಿ ಸುಡ್ತೈತೆ. ನಾನು ಓಗ್ದೇ ಇದ್ರೂ ನಾಳೆ ನೀವೇ ಕಿತ್ತಾಕ್ತೀರಲ್ಲ."

ಮಾವನ ಎದುರು ಸೊಸೆ ಆ ಮಾತು ಬಾಯಿಬಿಟ್ಟು ಆಡುವುದೆಂದರೆ ನಮ್ಮ ಕಡೆ ಸಣ್ಣ ವಿಷಯವಲ್ಲ. ನಾನು ತಲೆ ಎತ್ತಲಿಲ್ಲ. ಪಿಳ್ಳಪ್ಪನವರು ಗೇಟಿನಿಂದ ಸರಿದು ಟೆಂಪೊ ಕಡೆಗೆ ನಡೆದುಬಿಟ್ಟರು. ನಾಗವೇಣಿ ಒಳಗೆ ಬಂದಳು.

ಆಮೇಲೆ ಕೆಲಸ ಕೆಲಸದ ಹಾಗೆ ಸಾಗಿತು. ಅವಳು ಸಾಲಿಂದ ಸಾಲಿಗೆ ಓಡಿದಳು, ಬಿಡಬೇಕಾದ ಗೊನೆಗೆ ಒಂದೊಂದು ಎಲೆ ಸಿಕ್ಕಿಸುತ್ತಾ ಹೋದಳು. ಸೆಲ್ವಿಯ ಹೆಂಗಸರಿಗೆ ಗುರುತು ಸಿಕ್ಕಿತು, ಕೈ ಚುರುಕಾಯಿತು. ಗೇಟಿನ ಹೊರಗೆ ಕ್ರೇಟು ರಾಶಿಯಾದವು. ಹೊರುವವರು ಸಾಲದಾದರು. ಮೊದಲ ಹನಿ ಬಿದ್ದಾಗ ತಿರುಗಿ ನೋಡಿದರೆ, ಸೂತಕದ ಪಿಳ್ಳಪ್ಪನವರು ಪಂಚೆ ಎತ್ತಿ ಕಟ್ಟಿ ತಾವೇ ಕ್ರೇಟು ಎತ್ತಿ ಟೆಂಪೊಗೆ ಕೊಡುತ್ತಿದ್ದರು. ಟಾರ್ಪಾಲು ಹೊದಿಸಿ ಟೆಂಪೊ ಹೊರಟ ಮೇಲೆ ಮಳೆ ಹೊಡೆಯಿತು.

ಹಣ್ಣು ನೋಡಿ ಪಾಟೀಲರು, "ಇದು ದ್ರಾಕ್ಷಿ ಐತಿ ನೋಡ್ರಿ" ಎಂದಷ್ಟೇ ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ನೀಲಗಿರಿಯ ಮಾತು ನಿಂತಿತು.

ಆದರೆ ಪಿಳ್ಳಪ್ಪನವರ ಮನಸ್ಸು ಸಮಾಧಾನವಾಗಿರಲಿಲ್ಲ. ಬೇಸಿಗೆಯ ಕತ್ತರಿ ಹಾಕಿದ ಮೇಲೆ ಬಳ್ಳಿ ಬೋಳಾಗಿ ನಿಂತಿತ್ತು. ನಾನು ಹೋದಾಗೆಲ್ಲ ಅವರು ಒಂದೊಂದು ಕಡ್ಡಿ ಹಿಡಿದು ಕಣ್ಣಿಗೆ ಹತ್ತಿರ ತಂದು ನೋಡುತ್ತಿದ್ದರು. "ಸುಟ್ಟೈತಾ ಸಾಮಿ?" ಎಂದು ಕೇಳುತ್ತಿದ್ದರು. ನಾನು ಇಲ್ಲವೆಂದರೂ ನಂಬುತ್ತಿರಲಿಲ್ಲ. ಅವರು ತಮಾಷೆಗೆ ಕೇಳುತ್ತಿರಲಿಲ್ಲ. ಅಪ್ಪ ಅಜ್ಜಂದಿರಿಗೆ ಏನು ಉತ್ತರ ಹೇಳಲಿ ಎಂಬ ಭಯ ಆ ಮುದುಕನ ಕಣ್ಣಲ್ಲಿತ್ತು. ನಾಗವೇಣಿ ಮೊದಲಿನಂತೆಯೇ ಕೆಲವು ದಿನ ಒಳಗೆ, ಕೆಲವು ದಿನ ಹೊಂಗೆ ಮರದಡಿ. ಗೆದ್ದೆನೆಂದು ಅವಳು ಒಂದು ದಿನವೂ ಮೆರೆಯಲಿಲ್ಲ.

ಚಿಗುರು ಬಂತು. ಎಷ್ಟು ಬಂತೆಂದರೆ, ಹೆಚ್ಚಾದ ಚಿಗುರನ್ನು ಮುರಿದು ತೆಗೆಯುವ ಕೆಲಸಕ್ಕೆ ಕೈ ಸಾಲದಾಯಿತು. ಆ ದಿನ ನಾನು ಹೋದಾಗ ಪಿಳ್ಳಪ್ಪನವರು ಸಾಲಿನ ನಡುವೆ ಕೂತು, ಯಾವುದನ್ನು ಮುರಿಯಬೇಕು ಯಾವುದನ್ನು ಬಿಡಬೇಕು ತಿಳಿಯದೆ ಒದ್ದಾಡುತ್ತಿದ್ದರು. ನಾಗವೇಣಿ ಬೇಲಿಯಾಚೆಯಿಂದ, "ಮೇಲ್ಕಡೆ ತಿರ್ಗಿರೋದ್ ಬುಡಿ ಮಾವ, ಒಳಗಡೆಗಿರೋದ್ ಮುರೀರಿ" ಎಂದು ಕೂಗಿದಳು.

ಪಿಳ್ಳಪ್ಪನವರು ತಿರುಗಿ ನೋಡಿದರು.

"ಅಲ್ಲಿಂದ ಕಿರುಚ್ಕಂಡ್ರೆ ನಂಗೆಲ್ ಕೇಳ್ಸ್ತೈತೆ? ವಯಸ್ಸಾಯ್ತು, ಕಿವಿ ಓಗೈತೆ. ಒಳೀಕ್ ಬಂದ್ ಏಳಮ್ಮ."

ಕಿವಿಗೇನಾಗಿತ್ತು? ಅರ್ಧ ಮೈಲಿ ದೂರದಲ್ಲಿ ನನ್ನ ಬೈಕಿನ ಸದ್ದು ಕೇಳಿಯೇ ಟೀಗೆ ಇಡಲು ಹೇಳುತ್ತಿದ್ದ ಮನುಷ್ಯ. ನಾಗವೇಣಿ ಅಲ್ಲೇ ನಿಂತಳು. "ಮಾವ, ಇವತ್ತು ನಾನು..." ಎಂದಳು.

"ಕೇಳ್ಸಲ್ಲ ಅಂದ್ನಲ್ಲಮ್ಮ."

ಅವಳು ಬಂದು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಪಿಳ್ಳಪ್ಪನವರು ಒಂದು ಚಿಗುರಿನ ಮೇಲೆ ಬೆರಳಿಟ್ಟು, "ಇದಾ?" ಎಂದರು.

"ಅದಲ್ಲ ಮಾವ, ಅದ್ರ ಪಕ್ಕದ್ದು."